ಕೈ ಮುಟ್ಟದ ಕೊಬ್ಬರಿ

ಹೊಂಬಾಳಮ್ಮನ ಎಡಗೈಯ ನಡುಬೆರಳು ಹೋದದ್ದು ತೋಂಟದಾರ್ಯರ ಕೊಬ್ಬರಿ ಶೆಡ್ಡಿನಲ್ಲಿ. ಹೋಯಿತು ಎಂದರೆ ದೂರವೇನೂ ಹೋಗಲಿಲ್ಲ, ಅವಳ ಮುಂದಿದ್ದ ಚಿಪ್ಪಿನ ರಾಶಿಯ ಮೇಲೆಯೇ ಬಿತ್ತು. ಪಕ್ಕದಲ್ಲಿ ಕೂತಿದ್ದ ಲಕ್ಷ್ಮಿದೇವಮ್ಮ ಅದನ್ನು ಸೆರಗಿನಲ್ಲಿ ಎತ್ತಿಕೊಂಡು, ಈಗ ಇದನ್ನೇನು ಮಾಡುವುದು ಎಂದು ಎಲ್ಲರ ಮುಖ ನೋಡಿದಳು. ಅಷ್ಟರಲ್ಲಿ ತೋಂಟದಾರ್ಯರು ಗಲ್ಲಾ ಬಿಟ್ಟು ಓಡಿ ಬಂದರು. ಬಂದವರು ಮೊದಲು ನೆಲದ ಮೇಲೆ ಉರುಳಿದ್ದ ಕೊಬ್ಬರಿಯನ್ನು ಎತ್ತಿಕೊಂಡರು. ಪಂಚೆಯ ಅಂಚಿನಿಂದ ರಕ್ತ ಒರೆಸಿ, ಸುತ್ತಲೂ ತಿರುಗಿಸಿ ನೋಡಿದರು.

"ಸದ್ಯ, ಗಾಯ ಆಗಿಲ್ಲ" ಎಂದರು.

ಅವರು ಹೇಳಿದ್ದು ಕೊಬ್ಬರಿಯ ವಿಷಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಿಪಟೂರಿನ ಉಂಡೆ ಕೊಬ್ಬರಿ ತಿನ್ನುವವರಿಗೆ ಅದು ಉಂಡೆಯಾಗಿ ಹೇಗೆ ಬಂತೆಂದು ಯೋಚಿಸಲು ಪುರುಸೊತ್ತು ಎಲ್ಲಿದೆ? ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಹೆಂಗಸರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿಯೇ ಇದು ಆಗಿದೆ, ಇದು ಆಗಿಲ್ಲ ಎಂದು ಹೇಳುತ್ತಾರೆ. ಆಮೇಲೆ ಸಿಪ್ಪೆ ಸುಲಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಬಲಗೈಯ ಮಚ್ಚಿನಿಂದ ಚಿಪ್ಪು ಒಡೆಯಬೇಕು. ಚಿಪ್ಪು ಪೂರ್ತಿ ಹೋಗಬೇಕು, ಕೊಬ್ಬರಿಗೆ ಒಂದು ಗೀರೂ ಬೀಳಬಾರದು. ಗೀರು ಬಿದ್ದರೆ ಮಾಲಿನ ರೇಟು ಬೀಳುತ್ತದೆ, ಸುಲಿದವಳಿಗೆ ಬೈಗುಳ ಬೀಳುತ್ತದೆ. ಮೂವತ್ತು ವರ್ಷ ಈ ಕೆಲಸ ಮಾಡಿದ ಕೈಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಮಚ್ಚು ಜಾರಿದಾಗ ಕೈ ತನ್ನಷ್ಟಕ್ಕೆ ತಾನೇ ತಿರುಗಿ, ಕೊಬ್ಬರಿಯನ್ನು ಉಳಿಸಿ ಬೆರಳನ್ನು ಕೊಟ್ಟುಬಿಡುತ್ತದೆ. ಹೊಂಬಾಳಮ್ಮನ ಕೈಯೂ ಅದನ್ನೇ ಮಾಡಿತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೊಲಿಗೆ ಹಾಕಿದರು. ಹೋದ ಬೆರಳು ಹೋಯಿತು, ಆದರೆ ಪಕ್ಕದ ತೋರುಬೆರಳಿನ ನರವೂ ತುಂಡಾಗಿದೆ, ಮೂರು ತಿಂಗಳೊಳಗೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸದಿದ್ದರೆ ಅದು ಮರದ ಕಡ್ಡಿಯ ಹಾಗೆ ನಿಂತುಬಿಡುತ್ತದೆ ಎಂದರು. ಕಾರ್ಮಿಕರ ಕಾರ್ಡು ಇದ್ದರೆ ಖರ್ಚೆಲ್ಲ ಸರ್ಕಾರದ್ದು ಎಂದೂ ಅವರೇ ಹೇಳಿದರು. ಹಾಗಾಗಿ ಹೊಂಬಾಳಮ್ಮ ಒಂದು ಸೋಮವಾರ ನೊಣವಿನಕೆರೆಯಿಂದ ಬಸ್ಸು ಹತ್ತಿ ಕಾರ್ಡು ಮಾಡಿಸಲು ತಿಪಟೂರಿನ ಶ್ರಮಿಕ ನೆರವು ಕಚೇರಿಗೆ ಹೋದಳು. ಒಂದು ಬೆರಳು ಹೋಗಿತ್ತು, ಇನ್ನೊಂದನ್ನು ಉಳಿಸಿಕೊಳ್ಳಬೇಕಿತ್ತು. ಅವಳ ಆಸೆ ಅಷ್ಟೇ.

ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಮಂಗಳಾ ಎಂಬ ಗುತ್ತಿಗೆ ನೌಕರಳು ಕೂತಿದ್ದಳು. ಹೆಸರು ಕೇಳಿದಳು, ಊರು ಕೇಳಿದಳು, ಕೆಲಸ ಕೇಳಿದಳು. ಕೊಬ್ಬರಿ ಸುಲಿಯೋದು ಎಂದು ಹೊಂಬಾಳಮ್ಮ ಹೇಳಿದ್ದೇ ತಡ, ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಮಂಗಳಾ ಓದಿ ಹೇಳಿದಳು: ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಈ ಕಸುಬಿನಲ್ಲಿ ಮನುಷ್ಯರು ಇರುವುದಿಲ್ಲ. ನಂಬಿಕೆ, ನೂರಕ್ಕೆ ತೊಂಬತ್ತಾರು.

ಹೊಂಬಾಳಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಮಂಗಳಾ ಪಾಪ ಬಿಡಿಸಿ ಹೇಳಿದಳು. ಮೊದಲು ಯಾರು ಕಾರ್ಮಿಕರು ಯಾರು ಅಲ್ಲ ಎಂದು ಸಾಹೇಬರು ಊರೂರಿಗೆ ಹೋಗಿ ನೋಡಿ ಬರುತ್ತಿದ್ದರು. ಈಗ ಹೊಸ ಕಂಪ್ಯೂಟರು ಬಂದಿದೆ. ಅದಕ್ಕೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಇಂಟರ್‌ನೆಟ್ಟಿನಲ್ಲಿ ಜನ ಬರೆದಿರುವುದನ್ನೆಲ್ಲ ಕೂತಲ್ಲೇ ಓದಿ ಓದಿ ಲೋಕದ ಸಂಗತಿಯನ್ನೆಲ್ಲ ತಾನೇ ಕಲಿತುಕೊಳ್ಳುತ್ತದೆ. ಒಂದು ಸಂಗತಿ ಒಂದು ಕಡೆ ಬರೆದಿದ್ದರೆ ಒಂಚೂರು ನಂಬುತ್ತದೆ. ಹತ್ತು ಕಡೆ ಬರೆದಿದ್ದರೆ ಪೂರ್ತಿ ನಂಬುತ್ತದೆ. ಎಲ್ಲೂ ಬರೆಯದೆ ಇದ್ದರೆ ಅಂಥದ್ದು ಈ ಪ್ರಪಂಚದಲ್ಲೇ ಇಲ್ಲ ಎನ್ನುತ್ತದೆ.

ಹೊಂಬಾಳಮ್ಮ ಬಟ್ಟೆ ಸುತ್ತಿದ್ದ ಕೈಯನ್ನು ಮೇಜಿನ ಮೇಲಿಟ್ಟಳು. ಒಳಗಿನ ಕೋಣೆಯಿಂದ ಅಧಿಕಾರಿ ಸೂರ್ಯಪ್ರಕಾಶ್ ಎದ್ದು ಬಂದರು. ಕೆಟ್ಟ ಮನುಷ್ಯ ಏನಲ್ಲ. ಕೈ ನೋಡಿ ಅವರ ಮುಖ ಸಣ್ಣಗಾಯಿತು.

"ನಿಮ್ಮ ಬೆರಳು ಹೋಗಿರೋದು ನನಗೂ ಕಾಣ್ತಾ ಇದೆಯಮ್ಮ. ಆದ್ರೆ ನಾನು ಕಂಡಿದ್ದನ್ನ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ" ಎಂದರು.

ಕಂಪ್ಯೂಟರು ಇದನ್ನು ಓದಿಕೊಂಡದ್ದು ಎಲ್ಲಿ ಎಂದು ಮಂಗಳಾ ಹುಡುಕಿ ತೆಗೆದಳು. ಹುಡುಕಿದರೆ ಸಿಕ್ಕಿದ್ದು ಯಾರು? ನಮ್ಮ ತೋಂಟದಾರ್ಯರು. ಅವರ ಕೊಬ್ಬರಿ ಮಂಡಿಯ ವೆಬ್‌ಸೈಟಿನಲ್ಲಿ ಹೂವಿನ ಚಿತ್ರದ ನಡುವೆ ಬರೆಸಿದ್ದರು: ನಮ್ಮ ಕೊಬ್ಬರಿಗೆ ಮನುಷ್ಯರ ಕೈ ಸೋಕುವುದಿಲ್ಲ, ಎಲ್ಲವೂ ಆಧುನಿಕ ಯಂತ್ರಗಳಿಂದ. ಆ ಮಾತು ಚೆನ್ನಾಗಿದೆಯಲ್ಲ ಎಂದು ಉಳಿದ ಮಂಡಿಗಳವರೂ ಅದನ್ನೇ ಎತ್ತಿ ತಮ್ಮ ವೆಬ್‌ಸೈಟಿಗೆ ಅಂಟಿಸಿಕೊಂಡಿದ್ದರು. ಒಟ್ಟು ಹದಿನಾಲ್ಕು ಕಡೆ. ಕಂಪ್ಯೂಟರು ಹದಿನಾಲ್ಕನ್ನೂ ಶ್ರದ್ಧೆಯಿಂದ ಓದಿಕೊಂಡಿತ್ತು.

ಯಂತ್ರ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಐದು ವರ್ಷದ ಹಿಂದೆ ತೋಂಟದಾರ್ಯರು ಒಂದನ್ನು ತಂದಿದ್ದರು. ಪೂಜೆ ಮಾಡಿ, ಕುಂಕುಮ ಇಟ್ಟು, ಗುಂಡಿ ಒತ್ತಿದರೆ ಅದು ಚಿಪ್ಪು ಕೊಬ್ಬರಿ ಎರಡನ್ನೂ ಸೇರಿಸಿ ಪುಡಿ ಮಾಡಿ ಅವರ ಮುಖಕ್ಕೇ ಉಗುಳಿತು. ಅಂದಿನಿಂದ ಶೆಡ್ಡಿನ ಮೂಲೆಯಲ್ಲಿ ಕೂತಿದೆ. ಅದರ ಹೊಟ್ಟೆಯೊಳಗೆ ಎರಡು ಕೋಳಿ ಕಾವು ಕೂರುತ್ತವೆ. ಹೆಂಗಸರು ಅದರ ಮೇಲೆ ಬುತ್ತಿ ಚೀಲ ಇಡುತ್ತಾರೆ.

ಹೊಂಬಾಳಮ್ಮ ಮಾರನೆಯ ದಿನ ತೋಂಟದಾರ್ಯರ ಹತ್ತಿರ ಹೋಗಿ, ಆ ಒಂದು ಸಾಲನ್ನು ಅಳಿಸಿಬಿಡಿ ಎಂದು ಕೈ ಮುಗಿದಳು. ಅವರು ಸಿಟ್ಟಾಗಲಿಲ್ಲ. ಮಜ್ಜಿಗೆ ತರಿಸಿ ಕೊಟ್ಟರು. ದಿಲ್ಲಿಯ ಕಡೆಯ ಗಿರಾಕಿಗಳಿಗೆ ಕೈ ಎಂದರೆ ಅಸಹ್ಯ, ಕೈ ಎಂದರೆ ಬೆವರು, ಉಗುರು, ಅದನ್ನೆಲ್ಲ ಹೇಳಿದರೆ ಮಾಲು ಯಾರು ತಗೊಳ್ಳುತ್ತಾರೆ ಎಂದು ಸಮಾಧಾನದಿಂದಲೇ ವಿವರಿಸಿದರು.

"ಅದು ಬರೀ ಬರಹ ಕಣಮ್ಮ. ಬರಹಕ್ಕೂ ಬದುಕಿಗೂ ಏನು ಸಂಬಂಧ? ನೀನೇನು ಅದನ್ನ ಓದ್ಕೊಂಡು ಬದುಕ್ತಿದ್ದೀಯಾ?"

"ನಾನು ಓದಲ್ಲ ಸಾವ್ಕಾರ್ರೆ. ಆಫೀಸಲ್ಲಿರೋ ಆ ಪೆಟ್ಟಿಗೆ ಓದ್ತದೆ" ಎಂದಳು ಹೊಂಬಾಳಮ್ಮ.

ಅವರು ನಕ್ಕರು. ಹೋಗುವಾಗ ಒಂದು ಉಂಡೆ ಕೊಬ್ಬರಿಯನ್ನು ಕೈಗೆ ಹಾಕಿದರು. ಹೊರಗೆ ಬಂದು ನೋಡಿದರೆ ಅದು ಅವತ್ತಿನದೇ. ರಕ್ತ ಒರೆಸಿದ ಗುರುತು ಇನ್ನೂ ಇತ್ತು. ಅವಳು ಎಸೆಯಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು.

ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು. ಊಟದ ಹೊತ್ತಿಗೆ ಎಲ್ಲರೂ ಯಂತ್ರದ ಸುತ್ತ ಕೂತು ಈ ವಿಷಯ ಅಗಿದರು. ಮಾತಿನ ಮಲ್ಲಿ ವಿಮಲಮ್ಮ ಒಂದು ದಾರಿ ಹೇಳಿದಳು. ಆ ಪೆಟ್ಟಿಗೆಗೆ ಕಣ್ಣಿಲ್ಲ, ಕಿವಿಯಿಲ್ಲ, ಓದುವುದು ಒಂದು ಗೊತ್ತು. ಹಂಗಾದ್ರೆ ನಾವೂ ಬರೆಯೋಣ. ಎಲ್ಲಿ ಬರೆಯೋದು? ಇವರಿಗೆ ಕಂಪ್ಯೂಟರು ಎಲ್ಲಿ ಬರಬೇಕು? ಅವರಿಗೆ ಗೊತ್ತಿದ್ದ, ದೂರದ ಊರಿಗೆ ಹೋಗುವ ಬರಹ ಎಂದರೆ ಮೂಟೆಯ ಮೇಲಿನ ಬರಹ. ಮುದ್ರೆ ಹಾಕುವ ನೀಲಿ ಬಣ್ಣ ಇತ್ತು, ಕುಂಚ ಇತ್ತು, ಅವತ್ತು ದಿಲ್ಲಿಗೆ ಹೋಗುವ ಮುನ್ನೂರು ಮೂಟೆಯೂ ಇತ್ತು. ಕೊಬ್ಬರಿ ಸುಲಿದವಳು ಇಂಥವಳು ಎಂದು ಉದ್ದಕ್ಕೆ ಬರೆಯಲು ಮೂಟೆಯ ಮೇಲೆ ಜಾಗ ಸಾಲದು ಎಂದು ಲಕ್ಷ್ಮಿದೇವಮ್ಮ ತಕರಾರು ತೆಗೆದಳು.

"ಬರೀ ಹೆಸ್ರು ಸಾಕು ಬುಡಕ್ಕ. ಹೆಸ್ರು ಇದ್ಮೇಲೆ ಮನುಸ್ರು ಇರ್ಲೇಬೇಕಲ್ಲ" ಎಂದಳು ವಿಮಲಮ್ಮ.

ಸರಿ, ಸಾಹುಕಾರರು ಊಟಕ್ಕೆ ಹೋಗಿ ಮಲಗೆದ್ದು ಬರುವಷ್ಟರಲ್ಲಿ ಮುನ್ನೂರು ಮೂಟೆಯ ಮೇಲೂ ದಪ್ಪಕ್ಷರದಲ್ಲಿ 'ಹೊಂಬಾಳಮ್ಮ' ಎಂದು ಬರೆದು ಮುಗಿಸಿದರು. ಹೊಂಬಾಳಮ್ಮ ಮೂರನೇ ಕ್ಲಾಸು. ತನ್ನ ಹೆಸರನ್ನು ಅಷ್ಟು ಸಲ ಬರೆದದ್ದು ಜೀವನದಲ್ಲಿ ಅದೇ ಮೊದಲು. ಲಾರಿ ಹೊರಟಾಗ ಮಗಳನ್ನು ಕಳಿಸಿಕೊಟ್ಟವಳ ಹಾಗೆ ನೋಡುತ್ತಾ ನಿಂತಳು.

ವಾರಕ್ಕೆ ದಿಲ್ಲಿಯಿಂದ ಫೋನು ಬಂತು. ತೋಂಟದಾರ್ಯರು ಮೊದಲು ಬೆಚ್ಚಿದರು, ಆಮೇಲೆ ಹುಬ್ಬು ಹಾರಿಸಿದರು, ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆ ಹೊಂಬಾಳಮ್ಮ ಅನ್ನುವ ಮಾಲು ಬಹಳ ಚೊಕ್ಕಟವಾಗಿದೆ, ಒಂದರಲ್ಲೂ ಗೀರಿಲ್ಲ, ಇನ್ನು ಮುಂದೆ ಅದೇ ಕಳಿಸಿ ಎಂದಿದ್ದರು ಆ ಕಡೆಯವರು. ಸಾಹುಕಾರರಿಗೆ ಇಷ್ಟು ಸಾಕು. ಹದಿನೈದು ದಿನದೊಳಗೆ ಹೊಸ ಚೀಲ ಬಂತು, ವೆಬ್‌ಸೈಟಿನಲ್ಲಿ, ಅಂಗಡಿಗಳ ಜಾಹೀರಾತಿನಲ್ಲಿ ಅದೇ ಹೆಸರು ಬಂತು, ತಿಪಟೂರು ಬಸ್ ನಿಲ್ದಾಣದ ಎದುರಿಗೆ ದೊಡ್ಡ ಬೋರ್ಡು ಎದ್ದಿತು. 'ಹೊಂಬಾಳಮ್ಮ, ಕೈ ಮುಟ್ಟದ ಶುದ್ಧ ಕೊಬ್ಬರಿ.' ಪಕ್ಕದಲ್ಲಿ ಒಬ್ಬಳು ಬೆಳ್ಳನೆಯ ಹೆಂಗಸಿನ ಚಿತ್ರ. ಕೈತುಂಬ ಚಿನ್ನದ ಬಳೆ, ನುಣುಪಾದ ಹತ್ತು ಬೆರಳು, ಆ ಹತ್ತರ ನಡುವೆ ಒಂದು ಕೊಬ್ಬರಿ. ಕೈ ಮುಟ್ಟದ ಕೊಬ್ಬರಿಯನ್ನು ಅವಳು ಯಾಕೆ ಮುಟ್ಟಿಕೊಂಡು ನಿಂತಿದ್ದಾಳೆ ಎಂದು ಒಬ್ಬರೂ ಕೇಳಲಿಲ್ಲ.

ಎರಡು ತಿಂಗಳು ಕಳೆದಿತ್ತು. ತೋರುಬೆರಳು ಅರ್ಧ ಮಾತ್ರ ಮಡಚುತ್ತಿತ್ತು. ಹೊಂಬಾಳಮ್ಮ ಮತ್ತೆ ಕಚೇರಿಗೆ ಹೋದಳು. ಈ ಸಲ ಅವಳಿಗೆ ಧೈರ್ಯವಿತ್ತು, ಯಾಕೆಂದರೆ ಅವಳ ಹೆಸರು ಹತ್ತು ಕಡೆಯಲ್ಲ, ನೂರು ಕಡೆ ಬರೆದಿತ್ತು. ಮಂಗಳಾ ಹೆಸರು ಹಾಕಿದಳು. ಪರದೆಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ. ಕಡೆಗೆ ಸೂರ್ಯಪ್ರಕಾಶ್ ಅವರೇ ಕನ್ನಡಕ ಹಾಕಿಕೊಂಡು ಓದಿದರು: ಹೊಂಬಾಳಮ್ಮ, ಒಂದು ಬಗೆಯ ಉಂಡೆ ಕೊಬ್ಬರಿ. ತೇವಾಂಶ ಕಡಿಮೆ, ಮಕ್ಕಳಿಗೆ ಒಳ್ಳೆಯದು. ನಂಬಿಕೆ, ನೂರಕ್ಕೆ ತೊಂಬತ್ತೊಂಬತ್ತು. ಸರಕುಗಳಿಗೆ ನೆರವು ನೀಡಲಾಗುವುದಿಲ್ಲ.

"ನಾನು ಕೊಬ್ಬರಿನಾ ಸ್ವಾಮಿ?"

"ನಾನು ಹಾಗೆ ಹೇಳ್ತಿಲ್ಲಮ್ಮ. ಆದ್ರೆ ಹೋದ ಸಲ ನೀವು ಇಲ್ಲದೆ ಇರೋ ಕಾರ್ಮಿಕರಾಗಿದ್ರಿ, ಅದಕ್ಕಾದ್ರೂ ನಾನು ಮೇಲಿನವರಿಗೆ ಒಂದು ಕಾಗದ ಬರೀಬಹುದಿತ್ತು. ಈಗ ಸರಕು ಅಂತ ಬಂದುಬಿಟ್ಟಿದೆ. ಸರಕು ನಮ್ಮ ಇಲಾಖೆಗೇ ಬರಲ್ಲ."

ಇಷ್ಟು ಹೇಳಿ ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ನಾಚಿಕೆಯಾಗಿತ್ತು. ನಾಚಿಕೆಯನ್ನು ಬರೆಯಲು ಮಾತ್ರ ಅದರಲ್ಲಿ ಜಾಗ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ಜೊತೆಗೆ ಬಂದಿದ್ದ ವಿಮಲಮ್ಮ ಅವಳನ್ನು ನಗಿಸಲು ನೋಡಿದಳು. ಕೆಜಿಗೆ ಎಷ್ಟಕ್ಕ ನಿನ್ನ ರೇಟು, ನಮ್ಮಂಥ ಬಡವರಿಗೂ ಸಿಗ್ತೀಯಾ ಎಂದು ಕೇಳಿದಳು. ಹೊಂಬಾಳಮ್ಮ ನಕ್ಕಳು. ಪಕ್ಕದವರೂ ನಕ್ಕರು. ನಗುತ್ತಾ ನಗುತ್ತಾ ಅತ್ತಳು, ಇಳಿಯುವ ತನಕ ಅಳು ನಿಲ್ಲಲಿಲ್ಲ. ಮೂವತ್ತು ವರ್ಷ ದುಡಿದದ್ದು, ಬೆರಳು ಕೊಟ್ಟದ್ದು ಒಂದೂ ಲೆಕ್ಕಕ್ಕೆ ಬರಲಿಲ್ಲ. ಉಳಿದಿದ್ದ ಒಂದು ಹೆಸರು, ಅದನ್ನೂ ಚೀಲದ ಮೇಲೆ ಹಾಕಿ ಮಾರಿಕೊಂಡಿದ್ದರು.

ಮೂರು ತಿಂಗಳು ಮುಗಿಯಿತು. ಬೆರಳು ನಿಂತೇಬಿಟ್ಟಿತು. ಮುದ್ದೆ ಮುರಿಯುವಾಗ, ತಲೆ ಬಾಚುವಾಗ, ಎಲ್ಲದಕ್ಕೂ ಅಡ್ಡ ಬರುತ್ತಿತ್ತು. ಯಾವಾಗ ನೋಡಿದರೂ ಎದುರಿಗಿದ್ದವರನ್ನು ತೋರಿಸುತ್ತಲೇ ಇರುತ್ತಿತ್ತು.

ಅದೇ ವಾರ ಮಂಗಳಾ ಕೆಲಸ ಕಳೆದುಕೊಂಡು ಶೆಡ್ಡಿಗೆ ಬಂದಳು. ಅವಳ ಕಥೆ ಕೇಳಿ ಹೆಂಗಸರು ಮಚ್ಚು ಕೆಳಗಿಟ್ಟರು. ಗುತ್ತಿಗೆ ಮುಂದುವರಿಸುವ ಕಾಗದ ಬರಲಿಲ್ಲ ಎಂದು ಅವಳು ಕಂಪ್ಯೂಟರನ್ನೇ ಕೇಳಿದಳಂತೆ. ಅದು ಹೇಳಿತಂತೆ, ಈ ಕಚೇರಿಯಲ್ಲಿ ಅರ್ಜಿಗಳನ್ನು ಮಾನವ ಹಸ್ತಕ್ಷೇಪವಿಲ್ಲದೆ ವಿಲೇವಾರಿ ಮಾಡಲಾಗುತ್ತದೆ, ಸಿಬ್ಬಂದಿ ಇರುವುದಿಲ್ಲ. ಆ ಕಂಪ್ಯೂಟರಿನ ಉದ್ಘಾಟನೆಯ ದಿನ ದೊಡ್ಡವರು ಭಾಷಣದಲ್ಲಿ ಹೇಳಿದ್ದು, ಪತ್ರಿಕೆಗಳೆಲ್ಲ ಬರೆದಿದ್ದವು, ಅದು ಓದಿಕೊಂಡಿತ್ತು. ಆ ಮಾತನ್ನು ಅವತ್ತು ಕಂಪ್ಯೂಟರಿಗೆ ಟೈಪು ಮಾಡಿ ಹಾಕಿದವಳು ಮಂಗಳಾನೇ. ತೋಂಟದಾರ್ಯರ ವೆಬ್‌ಸೈಟು ಮಾಡಿದವರಾದರೂ ಯಾರೋ ಒಬ್ಬರು ಕೂಲಿಯವರೇ ಇರಬೇಕು ಎಂದಳು ಲಕ್ಷ್ಮಿದೇವಮ್ಮ.

ಅಷ್ಟರಲ್ಲಿ ತೋಂಟದಾರ್ಯರು ಬಂದು ಚಪ್ಪಾಳೆ ತಟ್ಟಿದರು. ಮದುವೆ ಸೀಸನ್ನು, ದೊಡ್ಡ ಆರ್ಡರು, ಮೂರು ದಿನದಲ್ಲಿ ಲಾರಿ ಬರುತ್ತದೆ, ಮಾತು ಸಾಕು, ಕೈ ಆಡಲಿ ಎಂದರು. ಹೊಂಬಾಳಮ್ಮ ಎದ್ದು ನಿಂತಳು. ಅವಳ ಮಚ್ಚು ನೆಲದ ಮೇಲೆಯೇ ಇತ್ತು.

"ಬ್ಯಾಡ ಸಾವ್ಕಾರ್ರೆ. ಮನುಸ್ರ ಕೈ ಸೋಕಲ್ಲ ಅಂತ ನೀವೇ ಲೋಕಕ್ಕೆಲ್ಲ ಹೇಳಿದ್ದೀರಿ. ನಾವು ಮುಟ್ಟಿದ್ರೆ ನಿಮ್ಮ ಮಾತು ಸುಳ್ಳಾಯ್ತದೆ. ನಿಮ್ಮಂಥೋರ ಮಾತು ಸುಳ್ಳಾಗಬಾರ್ದು."

ಅಷ್ಟು ಹೇಳಿ ಕೂತಳು. ಇಪ್ಪತ್ತೆರಡು ಜನವೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮನೆಗೆ ಹೋಗಲಿಲ್ಲ, ಘೋಷಣೆ ಕೂಗಲಿಲ್ಲ. ಮಾರನೆಯ ದಿನವೂ ಸಮಯಕ್ಕೆ ಸರಿಯಾಗಿ ಬಂದರು, ಸಾಲಾಗಿ ಕೂತರು, ಮೂಲೆಯ ಯಂತ್ರವನ್ನೇ ನೋಡಿದರು. ತೋಂಟದಾರ್ಯರು ಬೈದರು, ಕೂಲಿ ಹೆಚ್ಚು ಮಾಡುತ್ತೇನೆ ಎಂದರು, ಬೇರೆಯವರನ್ನು ಕರೆಸುತ್ತೇನೆ ಎಂದು ಹೆದರಿಸಿದರು. ಬೇರೆಯವರೂ ಬಂದರು. ಬಂದವರಿಗೆ ಲಕ್ಷ್ಮಿದೇವಮ್ಮ ಬೋರ್ಡಿನ ಕಥೆ ಹೇಳಿದಳು. ಅವರೂ ಸಾಲಿನಲ್ಲಿ ಕೂತು ಯಂತ್ರವನ್ನು ನೋಡತೊಡಗಿದರು. ಮಧ್ಯಾಹ್ನ ಒಳಗಿನ ಕೋಳಿ ಕೂಗಿತು. ವಿಮಲಮ್ಮ ಎದ್ದು ಹೋಗಿ ಬಿಸಿ ಮೊಟ್ಟೆಯೊಂದನ್ನು ತಂದು ಸಾಹುಕಾರರ ಗಲ್ಲಾದ ಮೇಲಿಟ್ಟಳು.

"ಇವತ್ತಿನ ಮಾಲು ಕಣ್ರೀ. ಯಂತ್ರದ್ದೇ, ನಾವು ಯಾರೂ ಮುಟ್ಟಿಲ್ಲ" ಎಂದಳು.

ಮೂರನೆಯ ದಿನ ಲಾರಿ ಬಂದು ಹಾರ್ನು ಹೊಡೆಯಿತು. ಬೆಟ್ಟದಂತೆ ಕಾಯಿ, ಒಂದು ಮೂಟೆ ಕೊಬ್ಬರಿಯಿಲ್ಲ. ತೋಂಟದಾರ್ಯರ ಮುಖದಲ್ಲಿ ನೀರಿಳಿಯಿತು. ಹೆಂಗಸರ ಮುಂದೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ನಿಮಗೆ ಏನು ಬೇಕು ಅಂತ ಹೇಳಿಬಿಡಿ ತಾಯಿ ಎಂದರು. ಹೊಂಬಾಳಮ್ಮ ಎಡಗೈ ಎತ್ತಿದಳು. ಬೆರಳು ಅವರನ್ನೇ ತೋರಿಸಿತು. ಅವಳು ಬೇಕೆಂದು ತೋರಿಸಿದ್ದಲ್ಲ, ಈಗ ಅದಕ್ಕೆ ಬೇರೆ ಏನೂ ಬರುತ್ತಿರಲಿಲ್ಲ.

"ಮಡಿಸಕ್ಕೆ ಬರಲ್ಲ ಸಾವ್ಕಾರ್ರೆ, ತೋರ್ಸಕ್ಕೆ ಬತ್ತದೆ. ಆ ಮಾತು ಅಳಿಸಿ. ನಾವು ಹೇಳ್ದಂಗೆ ಬರೆಸಿ."

ಗಲ್ಲಾದ ಮೇಲಿನ ಕಂಪ್ಯೂಟರಿನ ಮುಂದೆ ಮಂಗಳಾ ಕೂತಳು. ಒಬ್ಬೊಬ್ಬರೇ ಹೋಗಿ ಹೆಸರು, ಊರು, ಎಷ್ಟು ವರ್ಷದಿಂದ ಸುಲಿಯುತ್ತಿದ್ದೇನೆ, ಮಚ್ಚು ಎಲ್ಲೆಲ್ಲಿ ತಾಗಿದೆ ಎಂದು ಹೇಳಿದರು. ಲಕ್ಷ್ಮಿದೇವಮ್ಮನ ಹೆಬ್ಬೆಟ್ಟಿನ ಗಾಯ, ವಿಮಲಮ್ಮನ ಅಂಗೈಯ ಏಳು ಹೊಲಿಗೆ, ಅರಳಗುಪ್ಪೆಯವಳೊಬ್ಬಳ ಮೊಣಕಾಲಿನ ಸೀಳು. ಎಲ್ಲ ಬರೆದ ಮೇಲೆ ಸಾಹುಕಾರರೇ ಗುಂಡಿ ಒತ್ತಿದರು. ಆಮೇಲೆ ಹೆಂಗಸರು ಮಚ್ಚು ಹಿಡಿದರು.

ಒಂದು ವಾರ ಬಿಟ್ಟು ಮಂಗಳಾ ತನ್ನ ಫೋನಿನಲ್ಲೇ ಆ ಕಚೇರಿಯ ಕಂಪ್ಯೂಟರನ್ನು ಕೇಳಿದಳು. ಶೆಡ್ಡಿಗೆ ಶೆಡ್ಡೇ ಅವಳ ಸುತ್ತ ನಿಂತಿತ್ತು. ಅದು ಓದಿಕೊಂಡಿತ್ತು: ಕೊಬ್ಬರಿ ಸುಲಿಯುವವರು ಮನುಷ್ಯರು. ನಂಬಿಕೆ, ನೂರಕ್ಕೆ ನಾಲ್ಕು. ಒಂದೇ ಕಡೆ ಬರೆದಿದೆ.

ಹೊಂಬಾಳಮ್ಮ ಬುತ್ತಿ ಚೀಲ ಬಿಚ್ಚಿ, ಇಷ್ಟು ದಿನ ಅದರಲ್ಲೇ ಇಟ್ಟುಕೊಂಡಿದ್ದ ಅವತ್ತಿನ ಆ ಕೊಬ್ಬರಿಯನ್ನು ತೆಗೆದಳು. ಮಚ್ಚಿನಿಂದ ಚೂರು ಚೂರು ಮಾಡಿ ಎಲ್ಲರ ಕೈಗೂ ಒಂದೊಂದು ಕೊಟ್ಟಳು, ಎಲ್ಲರೂ ಅಗಿದರು. ಅಗಿಯುತ್ತಲೇ ಲಕ್ಷ್ಮಿದೇವಮ್ಮ ಕೇಳಿದಳು, ತುರುವೇಕೆರೆ ಕಡೆ ಶೆಡ್ಡು ಎಷ್ಟಿವೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟಿವೆ. ಬೇಕಾದಷ್ಟಿದ್ದವು. ಕಂದಿಕೆರೆಯ ಹತ್ತಿರ ವಿಮಲಮ್ಮನ ನಾದಿನಿಯೇ ಸುಲಿಯುತ್ತಿದ್ದಳು.

ಭಾನುವಾರ ಇಪ್ಪತ್ತಮೂರು ಜನ ತಿಪಟೂರು ನಿಲ್ದಾಣದಲ್ಲಿ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದರು. ಕಂಡಕ್ಟರು ಆಧಾರ್ ಕಾರ್ಡು ನೋಡಿ ನೋಡಿ ಹೆಂಗಸರ ಉಚಿತ ಟಿಕೆಟ್ಟು ಹರಿಯುತ್ತಾ ಬಂದ. ಹೊಂಬಾಳಮ್ಮನ ಕಾರ್ಡು ನೋಡಿದವನು ಕಿಟಕಿಯಾಚೆಯ ದೊಡ್ಡ ಬೋರ್ಡನ್ನು ನೋಡಿದ.

"ಹೊಂಬಾಳಮ್ಮ ಅಂದ್ರೆ ಆ ಕೊಬ್ಬರಿ ಅಲ್ವೇನಮ್ಮ?"

"ಕೊಬ್ಬರಿಗೆ ಟಿಕೆಟ್ ಕೊಡ್ತೀಯೇನಪ್ಪ ನೀನು?"

"ಕೊಬ್ಬರಿಗೆ ಲಗೇಜು ಹಾಕ್ತೀನಿ" ಎಂದ ಕಂಡಕ್ಟರು. ಆಮೇಲೆ ಕಾರ್ಡು ಹಿಡಿದಿದ್ದ ಅವಳ ಕೈಯನ್ನು ನೋಡಿದ. ನಗು ನಿಲ್ಲಿಸಿ, ಟಿಕೆಟ್ಟು ಹರಿದು ಆ ನಿಂತ ಬೆರಳಿನ ಪಕ್ಕಕ್ಕೆ ಸಿಕ್ಕಿಸಿದ. ಅದರ ಮೇಲೆ 'ಮಹಿಳೆ, ಒಂದು' ಎಂದು ಬರೆದಿತ್ತು.

ಹೊಂಬಾಳಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಪಕ್ಕದಲ್ಲಿದ್ದ ಮಂಗಳಾಳ ಮುಂದೆ ಹಿಡಿದಳು.

"ಇದರ ಫೋಟೋ ಹಿಡಿದು ನನ್ನ ಹೆಸರಿನ ಜೊತೆಗೆ ಹಾಕವ್ವ. ಸರ್ಕಾರವೇ ಬರೆದು ಕೊಟ್ಟೈತೆ. ಎರಡು ಕಡೆ ಆಯ್ತು, ಇನ್ನ ಎಂಟು."